ಎಂಟ್ವೈನ್, ಸಕರ್ಮಕ

ಒಂಬತ್ತನೇ ಕ್ಲಾಸಿನ ಉತ್ತರಪತ್ರಿಕೆ, ಮೂವತ್ತೊಂದನೆಯದು.
ಎಂಟ್ವೈನ್ ಪದ ಬಳಸಿ ಸ್ವಂತ ವಾಕ್ಯ ಬರೆಯಿರಿ, ಎರಡು ಅಂಕ.
ಮೂವತ್ತು ಮಂದಿ ಬರೆದದ್ದು ಗೈಡಿನ ಬಳ್ಳಿಯನ್ನೇ,
ಅದೇ ಬಳ್ಳಿ, ಅದೇ ಮರ,
ಒಬ್ಬ ಮಾತ್ರ ಮರದ ಸ್ಪೆಲ್ಲಿಂಗ್ ತಪ್ಪಿದ್ದ.
ರೈಹಾನಾ ಬರೆದಿದ್ದಾಳೆ:
ನನ್ನ ಉಮ್ಮ ದಿನಕ್ಕೆ ಎಂಬತ್ತು ಮಾರು ಹಗ್ಗ ಎಂಟ್ವೈನ್ ಮಾಡುತ್ತಾಳೆ.

ಕೆಂಪು ಪೆನ್ನು ಎತ್ತಿದವಳು ಹಾಗೇ ಕೂತೆ.

ತಪ್ಪು. ವ್ಯಾಕರಣದಲ್ಲಲ್ಲ.
ಕರ್ತೃ ಇದೆ, ಕರ್ಮ ಇದೆ, ಕ್ರಿಯಾಪದಕ್ಕೆ ಎಸ್ ಕೂಡ ಹಚ್ಚಿದ್ದಾಳೆ,
ಅರ್ಧ ಕ್ಲಾಸು ಮರೆಯುವ ಎಸ್.
ಆದರೆ ಇಂಗ್ಲಿಷಿನವರು ಹಗ್ಗಕ್ಕೆ ಈ ಪದ ಕೊಡುವುದಿಲ್ಲ;
ಹಗ್ಗಕ್ಕೆ ಬೇರೆ ಇವೆ, ಒರಟು, ದಿನಗೂಲಿಯ ಪದಗಳು.
ಇದು ಬೆರಳಿಗೆ ಬೆರಳು ಸೇರುವಲ್ಲಿ, ಕಂಬ ಹತ್ತುವ ಹೂಬಳ್ಳಿಗೆ,
ಚರಿತ್ರೆಯ ಪಾಠದಲ್ಲಿ ಎರಡು ದೇಶಗಳ ಹಣೆಬರಹಕ್ಕೆ.
ಅದೂ ಹೆಚ್ಚಾಗಿ ಕರ್ಮಣಿಯಲ್ಲಿ: ಹೆಣೆಯಲ್ಪಟ್ಟಿವೆ, ಅಷ್ಟೇ.
ಹೆಣೆದವರು ಯಾರೆಂದು ಕೇಳಬಾರದು,
ಕೇಳಿದರೆ ವಾಕ್ಯದ ಚಂದ ಕೆಡುತ್ತದೆ.

ನಮ್ಮಲ್ಲಿ ಹೊಸೆಯಬೇಕಾದರೆ ಅಂಗೈ ಬೇಕು, ಇಲ್ಲವೇ ತೊಡೆ,
ಒಂದಿಷ್ಟು ನೀರು, ಇಲ್ಲವೇ ಉಗುಳು.
ಪಕ್ಕದ ಮನೆಯ ಸುಗುಣಾ ಪೈ ಬತ್ತಿ ಹೊಸೆಯುವಾಗ
ಬೆರಳ ತುದಿಗೆ ಹಾಲು ಮುಟ್ಟಿಸಿಕೊಳ್ಳುತ್ತಾರೆ.
ನಮ್ಮ ಶಾಲೆಯ ಕನ್ನಡ ಪಂಡಿತರು ಪದ್ಯ ಹೊಸೆಯುತ್ತಾರೆ,
ಒಣ ಕೈಯಲ್ಲೇ.
ಅದಕ್ಕೇ ಬೇಗ ಬಿಚ್ಚಿಕೊಳ್ಳುತ್ತದೆ.

ಶನಿವಾರ ಮಧ್ಯಾಹ್ನ ಬಂದರಿನಿಂದ ಫೆರಿ ಹತ್ತಿ
ಬೆಂಗ್ರೆಗೆ ಹೋದೆ. ಪೋಷಕರ ಸಹಿ ಒಂದು ನೆವ.
ಅಂಗಳದ ಮರಳಲ್ಲಿ ಕಾಲು ಚಾಚಿ ಕೂತಿದ್ದರು ನೆಬಿಸಾ,
ಬಲತೊಡೆಯ ಮೇಲೆ ಗೋಣಿಯ ತುಂಡು,
ಸುತ್ತ ಹಿನ್ನೀರಲ್ಲಿ ಕೊಳೆತ ಸಿಪ್ಪೆಯ ನಾತ.
ನನಗೆ ಬ್ಯಾರಿ ಅರ್ಧ ಬರುತ್ತದೆ, ಅವರಿಗೆ ಕನ್ನಡ ಅರ್ಧ,
ಉಳಿದದ್ದನ್ನು ತುಳುವಿನಲ್ಲಿ ಸರಿಮಾಡಿಕೊಂಡೆವು.

ಪದದ ಬಗ್ಗೆ ನಾನು ಕೇಳಲಿಲ್ಲ. ಕತ್ತದ ಬಗ್ಗೆ ಕೇಳಿದೆ.
ಕೈ ನಿಲ್ಲಿಸದೆಯೇ ಹೇಳಿದರು:
ಒಂದೊಂದು ಎಳೆಗೂ ಬಲಕ್ಕೆ ಹುರಿ ಕೊಡಬೇಕು ಟೀಚರ್,
ಎರಡನ್ನು ಕೂಡಿಸುವಾಗ ಎಡಕ್ಕೆ.
ಎರಡೂ ಬಿಚ್ಚಿಕೊಳ್ಳಲು ನೋಡ್ತವೆ,
ಒಂದನ್ನೊಂದು ಬಿಡೋದಿಲ್ಲ.
ಆ ಎಳೆದಾಟಕ್ಕೇ ಹಗ್ಗ ಅನ್ನೋದು.

ಎರಡು ಸಲವೂ ಒಂದೇ ಕಡೆಗೆ ಹೊಸೆದರೆ?

ನಕ್ಕರು. ಕೈ ಬಿಟ್ಟ ಕೂಡಲೆ ನಾರು.

ರಾತ್ರಿ ಡಿಕ್ಷನರಿ ತೆಗೆದೆ. ಇ ಅಕ್ಷರದ ಹತ್ತಿರವೇ
ಹದಿನಾಲ್ಕು ವರ್ಷದಿಂದ ಪುಟದ ಗುರುತಾಗಿ ಬಿದ್ದಿರುವ ಕಾರ್ಡು,
ಹಂಪನಕಟ್ಟೆಯ ಪ್ರೆಸ್ಸಿನದು, ಬಂಗಾರದ ಅಕ್ಷರ:
ಲವೀನಾ, ವಲೇರಿಯನ್, ಎರಡು ಬದುಕುಗಳು ಎಂಟ್ವೈನ್ಡ್.
ಕರ್ಮಣಿ. ಕರ್ತೃ ಲೋಪ.
ಎಷ್ಟು ಸೌಮ್ಯ ನಾವು, ಎಷ್ಟು ಒಂದೇ ಕಡೆಗೆ,
ಸಾರಿಗೆ ಉಪ್ಪು ಕಡಿಮೆಯಾದರೂ ಇಬ್ಬರೂ ಸುಮ್ಮನೆ ಉಂಡೆವು.
ಐದನೆಯ ವರ್ಷ ಎರಡು ಬಾಡಿಗೆ ಮನೆ.
ಬಿಚ್ಚಿದವರು ಯಾರೆಂದು ಕೇಳಿದರು, ಚರ್ಚಿನಲ್ಲಿ, ಬಸ್ಸಿನಲ್ಲಿ.
ಅದಕ್ಕೆ ಮಾತ್ರ ಎಲ್ಲರಿಗೂ ಕರ್ತೃ ಬೇಕಿತ್ತು.

ಅಂಚಿನಲ್ಲಿ ಬರೆದೆ: ಇಂಗ್ಲಿಷಿನಲ್ಲಿ ಹೀಗೆ ಹೇಳುವುದಿಲ್ಲ.
ಓದಿದೆ. ನಡುವೆ ಒಂದು ಕೊಕ್ಕೆ ಹಾಕಿ ಸೇರಿಸಿದೆ: ಇನ್ನೂ.
ಒಂದೂವರೆ ಅಂಕ.
ಆ ಉಳಿದ ಅರ್ಧ ಇಂಗ್ಲಿಷಿನವರಿಗಿರಲಿ.

ಹೊರಡುವಾಗ ಅವರು ಕೊಟ್ಟಿದ್ದ ಎರಡು ಮಾರು ಹಗ್ಗದಲ್ಲಿ
ಉತ್ತರಪತ್ರಿಕೆಗಳ ಕಟ್ಟನ್ನು ಬಿಗಿದೆ.
ಹೆಬ್ಬೆರಳಿಗೆ ನಾರಿನ ಸಿಬಿರೊಂದು ಹೊಕ್ಕಿದೆ,
ಪಿನ್ನು ಕೈಯಲ್ಲೇ ಇದೆ,
ತೆಗೆದಿಲ್ಲ.